ಹತ್ತು ದಿನದಲ್ಲಿ ಆರು ದೇಶ ಸುತ್ತಿದರೆ ನಾನು ಬದಲಾಗ್ತೀನಾ?

ಪ್ರಶ್ನೆ: ನನಗೆ 36 ವರ್ಷ. ದೂರದ ಊರುಗಳನ್ನು ನೋಡಿದ್ದು ಬಹಳ ಕಡಿಮೆ. ಈ ವರ್ಷ ಒಟ್ಟಿಗೆ ಹದಿನೈದು ದಿನ ರಜೆ ಸಿಕ್ಕಿದೆ, ಸ್ವಲ್ಪ ಹಣವನ್ನೂ ಕೂಡಿಟ್ಟಿದ್ದೇನೆ. ‘ಬೇರೆ ದೇಶ, ಬೇರೆ ಜನ ನೋಡಿ ಬಾ, ನೀನೇ ಬದಲಾಗ್ತೀಯ’ ಎಂದು ಸ್ನೇಹಿತರು ಹೇಳುತ್ತಾರೆ. ಆದರೆ ನನ್ನ ಸಹೋದ್ಯೋಗಿಯೊಬ್ಬರು ಹತ್ತು ದಿನದಲ್ಲಿ ಆರು ದೇಶ ಸುತ್ತಿ ಬಂದರು. ಖುಷಿಯಾಗಿದ್ದರು, ಅಷ್ಟೇ. ಎರಡು ವಾರ ಕಳೆಯುವಷ್ಟರಲ್ಲಿ ಎಲ್ಲ ಮೊದಲಿನಂತೆಯೇ. ಹಾಗಾದರೆ ಪ್ರವಾಸದಿಂದ ನಮಗೆ ನಿಜವಾಗಿ ಸಿಗುವುದೇನು? ಇನ್ನೊಂದು ಮಾತು, ನನಗೆ ಸಂಕೋಚ ಜಾಸ್ತಿ. ಗೊತ್ತಿಲ್ಲದವರ ಹತ್ತಿರ ಮಾತು ಶುರು ಮಾಡಲು ಬರುವುದಿಲ್ಲ. ನನ್ನಂಥವರಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಅನುಮಾನ. ಪ್ರವಾಸದಿಂದ ಮನಸ್ಸು ದೊಡ್ಡದಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಂಥ ಪ್ರವಾಸ, ಹೇಗೆ ಹೋದರೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. 1950ರಲ್ಲಿ ಇಡೀ ಜಗತ್ತಿನಲ್ಲಿ ಪ್ರವಾಸಿಗರು ಗಡಿ ದಾಟಿ ಬೇರೆ ದೇಶ ಮುಟ್ಟಿದ ಲೆಕ್ಕ ಸುಮಾರು 2.5 ಕೋಟಿ. 2019ರ ಹೊತ್ತಿಗೆ ಅದು 146 ಕೋಟಿ ಮುಟ್ಟಿತ್ತು. ಸುಮ್ನೆ ಹೋಗಿ ಬಂದರೆ ಸಾಕು ಎನ್ನುವುದಾದರೆ, ಈ ಎಪ್ಪತ್ತು ವರ್ಷದಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ಎಷ್ಟೋ ಚೆನ್ನಾಗಿ ಅರ್ಥ ಮಾಡಿಕೊಂಡಿರಬೇಕಿತ್ತು, ಅಲ್ವಾ? ಹಾಗೇನೂ ಆಗಿಲ್ಲ.

ನಾನು ಮನಶ್ಶಾಸ್ತ್ರ ಕಲಿಸುವ ಕೆಲಸದಲ್ಲಿದ್ದೇನೆ. ಓದಲು, ಕೆಲಸಕ್ಕೆ ಎಂದು ಬೇರೆ ದೇಶಕ್ಕೆ ಹೊರಟವರನ್ನು ಹೊರಡುವ ಮೊದಲೂ ಬಂದ ಮೇಲೂ ಕೂರಿಸಿ ಮಾತಾಡಿಸುತ್ತಾ ಬಂದಿದ್ದೇನೆ. ನಾನು ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸದಿಂದ ಲಾಭ ಖಂಡಿತ ಇದೆ, ಅದೂ ದೊಡ್ಡ ಲಾಭ. ಎಷ್ಟು ಜಾಗ ನೋಡಿದಿರಿ ಎನ್ನುವುದಕ್ಕೂ ಅದಕ್ಕೂ ಸಂಬಂಧ ಬಹಳ ಕಡಿಮೆ. ಬೇರೆಯವರ ನಡುವೆ ಅವರ ರೀತಿಯಲ್ಲಿ ಸ್ವಲ್ಪ ಕಾಲ ಬದುಕಲು ಕಲಿತಾಗ ಆ ಲಾಭ ಸಿಗುತ್ತದೆ. ಹಾಗೆ ಕಲಿಯಬೇಕಾದರೆ ಒಂದು ಕಡೆ ನಿಲ್ಲಬೇಕು. ತಪ್ಪು ಮಾಡಬೇಕು. ಸ್ವಲ್ಪ ದಿನ ಏನೂ ಗೊತ್ತಿಲ್ಲದವರಾಗಿ ಇರಬೇಕು.

ಮೊದಲು ಖುಷಿಯ ವಿಷಯ ಮುಗಿಸೋಣ. ನಿಮ್ಮ ಸಹೋದ್ಯೋಗಿಗೆ ಆದದ್ದು ವಿಶೇಷವೇನಲ್ಲ, ಬಹುಪಾಲು ಜನರಿಗೆ ಆಗುವುದೇ ಅದು. ನೆದರ್ಲೆಂಡ್ಸ್‌ನಲ್ಲಿ ಯೆರೋನ್ ನಾವೈನ್ ಮತ್ತು ಅವರ ಜೊತೆಗಾರರು 1,530 ಜನರ ಮೇಲೆ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಅವರಲ್ಲಿ 974 ಜನ ಆ ಅವಧಿಯಲ್ಲಿ ರಜೆಗೆ ಹೋಗಿಬಂದವರು. ಹೋಗುವವರು ಹೊರಡುವ ಮೊದಲೇ ಉಳಿದವರಿಗಿಂತ ಜಾಸ್ತಿ ಖುಷಿಯಾಗಿದ್ದರು. ಹೋಗಿ ಬಂದ ಮೇಲೆ ಹೋಗದವರಿಗೂ ಅವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ತುಂಬ ನಿರಾಳವಾಗಿ ರಜೆ ಕಳೆದವರಲ್ಲಿ ಮಾತ್ರ ಅದು ಕೆಲವು ವಾರ ಉಳಿಯಿತು. ಅಂದರೆ ರಜೆಯ ಖುಷಿಯಲ್ಲಿ ದೊಡ್ಡ ಪಾಲು ಎದುರು ನೋಡುವುದರಲ್ಲೇ ಇದೆ. ಹಾಗಾಗಿ ಟಿಕೆಟ್ ಸ್ವಲ್ಪ ಮುಂಚೆಯೇ ಮಾಡಿಸಿ. ಆ ಖುಷಿ ಜೀವನಪೂರ್ತಿ ಇರುತ್ತದೆ ಎಂದು ಮಾತ್ರ ಲೆಕ್ಕ ಹಾಕಬೇಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಕಾರ್ಲ್ ಡುಂಕರ್ ಒಂದು ಒಗಟು ರೂಪಿಸಿದ್ದರು. ಮೇಜಿನ ಮೇಲೆ ಒಂದು ಮೇಣದಬತ್ತಿ, ಒಂದಿಷ್ಟು ಬೆಂಕಿಕಡ್ಡಿ, ಒಂದು ಚಿಕ್ಕ ರಟ್ಟಿನ ಡಬ್ಬಿಯ ತುಂಬ ಪಿನ್ನು. ಇಷ್ಟನ್ನೇ ಬಳಸಿ ಮೇಣದಬತ್ತಿಯನ್ನು ಗೋಡೆಗೆ ಸೇರಿಸಿ ಉರಿಸಬೇಕು. ಕರಗಿದ ಮೇಣ ಕೆಳಗೆ ಬೀಳಬಾರದು. ಸಾಮಾನ್ಯವಾಗಿ ಎಲ್ಲರೂ ಮೇಣದಬತ್ತಿಗೇ ಪಿನ್ನು ಚುಚ್ಚಿ ಗೋಡೆಗೆ ಸಿಕ್ಕಿಸಲು ನೋಡುತ್ತಾರೆ. ಇಲ್ಲವೇ ಮೇಣ ಕರಗಿಸಿ ಅಂಟಿಸಲು ನೋಡುತ್ತಾರೆ. ಉತ್ತರ ಡಬ್ಬಿಯಲ್ಲಿದೆ. ಪಿನ್ನುಗಳನ್ನು ಸುರಿದು ಖಾಲಿ ಡಬ್ಬಿಯನ್ನು ಗೋಡೆಗೆ ಸಿಕ್ಕಿಸಿದರೆ ಅದೇ ಪುಟ್ಟ ಹಲಗೆ. ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದರೆ ಆಯಿತು. ಡಬ್ಬಿ ಎಂದರೆ ಪಿನ್ನು ಇಡುವುದಕ್ಕೆ ಎಂದು ನಮ್ಮ ತಲೆ ಮೊದಲೇ ತೀರ್ಮಾನಿಸಿರುತ್ತದೆ. ಅದಕ್ಕೇ ಡಬ್ಬಿ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ.

ವಿಲಿಯಂ ಮ್ಯಾಡಕ್ಸ್ ಮತ್ತು ಆ್ಯಡಮ್ ಗಲಿನ್‌ಸ್ಕಿ ಎಂಬ ಸಂಶೋಧಕರು ಇದೇ ಒಗಟನ್ನು ಎಂಬಿಎ ವಿದ್ಯಾರ್ಥಿಗಳಿಗೆ ಕೊಟ್ಟರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬೇರೆ ದೇಶದಲ್ಲಿ ಬದುಕಿದ್ದವರಲ್ಲಿ ಶೇ. 60ರಷ್ಟು ಜನ ಒಗಟು ಬಿಡಿಸಿದರು. ಬದುಕಿರದವರಲ್ಲಿ ಶೇ. 42. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. ಬೇರೆ ದೇಶಗಳಲ್ಲಿ ಪ್ರವಾಸಿಯಾಗಿ ಎಷ್ಟು ಕಾಲ ಸುತ್ತಿದ್ದಾರೆ ಎಂಬುದಕ್ಕೂ ಒಗಟು ಬಿಡಿಸುವುದಕ್ಕೂ ಸಂಬಂಧವೇ ಕಾಣಲಿಲ್ಲ. ಅಲ್ಲಿ ಬದುಕಿದ್ದಕ್ಕೆ ಸಂಬಂಧ ಇತ್ತು. ಅದರಲ್ಲೂ ಅಲ್ಲಿನ ರೀತಿಗೆ ತಮ್ಮನ್ನು ಹೊಂದಿಸಿಕೊಂಡವರಲ್ಲಿ ಅದು ಜಾಸ್ತಿ ಇತ್ತು.

ಯಾಕೆ ಹೀಗೆ? ನಮ್ಮ ಊರಲ್ಲಿ ನಮ್ಮ ಬದುಕಿನ ಮುಕ್ಕಾಲು ಭಾಗ ಯೋಚನೆ ಇಲ್ಲದೆ ನಡೆಯುತ್ತದೆ. ಎಷ್ಟು ಹತ್ತಿರ ನಿಂತು ಮಾತಾಡಬೇಕು, ಸರದಿ ಹೇಗೆ ನಿಲ್ಲಬೇಕು, ‘ಬರ್ತೀನಿ’ ಎಂದು ಎಷ್ಟು ಸಲ ಹೇಳಿ ಎದ್ದು ಹೋಗಬೇಕು, ಯಾರನ್ನು ಹೆಸರು ಹಿಡಿದು ಕರೆಯಬಹುದು, ಇದ್ಯಾವುದನ್ನೂ ನಾವು ಯೋಚಿಸುವುದಿಲ್ಲ. ಬೇರೆ ಕಡೆ ಹೋಗಿ ನೆಲೆ ನಿಂತಾಗ ಇದೆಲ್ಲ ಒಮ್ಮೆಗೇ ಪ್ರಶ್ನೆಯಾಗಿಬಿಡುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಜನ ಎಷ್ಟು ಅಂತರದಲ್ಲಿ ನಿಂತು ಮಾತಾಡುತ್ತಾರೆ ಎಂದು ಅಳೆದು ನೋಡಿದರು. ಅಮೆರಿಕದವರಲ್ಲಿ 45 ಸೆಂಟಿಮೀಟರ್ ಒಳಗಿನ ಜಾಗ ತೀರ ಆಪ್ತರಿಗೆ, ಅಲ್ಲಿಂದ ಸುಮಾರು 1.2 ಮೀಟರ್‌ವರೆಗೆ ಸ್ನೇಹಿತರಿಗೆ, ಅದರಾಚೆ ಉಳಿದವರಿಗೆ. ಬೇರೆ ಸಮಾಜಗಳಲ್ಲಿ ಅಳತೆಯೇ ಬೇರೆ. ಒಬ್ಬರು ಸ್ನೇಹದಿಂದ ಒಂದು ಹೆಜ್ಜೆ ಮುಂದೆ ಬರುತ್ತಾರೆ, ಇನ್ನೊಬ್ಬರು ಮುಜುಗರದಿಂದ ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಇಬ್ಬರಲ್ಲೂ ಕೆಟ್ಟ ಉದ್ದೇಶ ಇಲ್ಲ. ಆದರೂ ಒಬ್ಬರಿಗೆ ಇನ್ನೊಬ್ಬರು ಮೈಮೇಲೆ ಬಿದ್ದಂತೆ, ಮತ್ತೊಬ್ಬರಿಗೆ ಎದುರಿನವರು ಬಿಗುಮಾನದವರಂತೆ ಕಾಣುತ್ತಾರೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಚಿಕ್ಕ ವಯಸ್ಸಿನಲ್ಲಿ ಬೇರೆ ದೇಶದಲ್ಲಿ ಕೆಲವು ತಿಂಗಳು ಇದ್ದೆ. ಅಲ್ಲಿ ನಾನು ಏನಾದರೂ ಹೇಳಿದರೆ ಎದುರಿನವರು ಉತ್ತರ ಕೊಡುವ ಮೊದಲು ಸುಮ್ಮನಿರುತ್ತಿದ್ದರು. ಎರಡು ಕ್ಷಣ, ಮೂರು ಕ್ಷಣ. ನನಗೆ ಅದು ಸಹಿಸಲಾಗದಷ್ಟು ಉದ್ದ ಅನ್ನಿಸುತ್ತಿತ್ತು. ನಾನು ಹೇಳಿದ್ದು ಇಷ್ಟವಾಗಲಿಲ್ಲ ಎಂದುಕೊಂಡು ಆ ಮೌನ ತುಂಬಲು ಇನ್ನಷ್ಟು ಮಾತಾಡುತ್ತಿದ್ದೆ. ರಾತ್ರಿ ರೂಮಿಗೆ ಬಂದು ನನ್ನಲ್ಲೇ ಏನೋ ಕೊರತೆ ಇದೆ ಎಂದು ಅತ್ತದ್ದೂ ಇದೆ. ಎರಡು ತಿಂಗಳಾದ ಮೇಲೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಮೆಲ್ಲಗೆ ಹೇಳಿದರು: ‘ನೀವು ಹೇಳಿದ್ದನ್ನು ನಾವು ಯೋಚಿಸುತ್ತಿದ್ದೇವೆ ಎಂದು ತೋರಿಸಲು ಕಾಯುತ್ತೇವೆ. ತಕ್ಷಣ ಉತ್ತರ ಕೊಟ್ಟರೆ ನಿಮ್ಮ ಮಾತಿಗೆ ಬೆಲೆ ಕೊಡದ ಹಾಗೆ.’ ನನಗೆ ಅವಮಾನದಂತೆ ಕಂಡದ್ದು ಅವರ ಕಡೆಯಿಂದ ಮರ್ಯಾದೆಯಾಗಿತ್ತು.

ಆ ದಿನ ನಾನು ಅವರ ಬಗ್ಗೆ ಒಂದು ವಿಷಯ ತಿಳಿದೆ. ನನ್ನ ಬಗ್ಗೆ ಅದಕ್ಕಿಂತ ದೊಡ್ಡದು ತಿಳಿಯಿತು. ಮಾತಿಗೆ ಮಾತು ತಕ್ಷಣ ಸೇರಬೇಕು ಎಂಬುದು ಮನುಷ್ಯ ಸಹಜ ಎಂದುಕೊಂಡಿದ್ದೆ. ಅದು ನನ್ನ ಅಭ್ಯಾಸ, ಅಷ್ಟೇ. ಹೀಗೆ ಒಂದು ಅಭ್ಯಾಸ ಕಣ್ಣಿಗೆ ಬಿದ್ದರೆ, ಮುಂದೆ ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಮ್ಮ ಕೈಯಲ್ಲಿ ಇರುತ್ತದೆ. ಕಾಣುವವರೆಗೆ ಆ ಅವಕಾಶವೇ ಇರುವುದಿಲ್ಲ. ಬೇರೆ ಸಂಸ್ಕೃತಿಯ ಜೊತೆ ಬದುಕುವುದರ ಅತಿ ದೊಡ್ಡ ವೈಯಕ್ತಿಕ ಲಾಭ ಯಾವುದು ಎಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

ಇದಕ್ಕೆ ಒತ್ತು ಕೊಡುವ ಅಧ್ಯಯನವೂ ಇದೆ. ಹಯೋ ಆ್ಯಡಮ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ್ದು. ಆರು ಅಧ್ಯಯನ, ಒಟ್ಟು 1,874 ಜನ. ಬೇರೆ ದೇಶದಲ್ಲಿ ಬದುಕಿದವರಿಗೆ ‘ನಾನು ಎಂಥವನು, ನನಗೆ ಏನು ಮುಖ್ಯ’ ಎಂಬುದು ಜಾಸ್ತಿ ಸ್ಪಷ್ಟವಾಗಿತ್ತು. ಎಷ್ಟು ದೇಶದಲ್ಲಿ ಇದ್ದರು ಎಂಬುದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಎಷ್ಟು ಕಾಲ ಇದ್ದರು ಎಂಬುದು ಬಂತು. ದಿನವೂ ಬೇರೆ ರೀತಿ ನೋಡುತ್ತಿದ್ದಾಗ, ‘ಇದನ್ನು ನಾನು ನಂಬಿರುವುದು ನನಗೆ ಸರಿ ಅನ್ನಿಸಿದ್ದಕ್ಕಾ, ಸುತ್ತಲಿನವರೆಲ್ಲ ನಂಬಿದ್ದಕ್ಕಾ?’ ಎಂದು ಮನಸ್ಸು ತಾನಾಗಿ ಕೇಳಿಕೊಳ್ಳುತ್ತದೆ. ಕೆಲವು ನಂಬಿಕೆ ಸಡಿಲವಾಗುತ್ತವೆ. ಕೆಲವು ಮೊದಲಿಗಿಂತ ಗಟ್ಟಿಯಾಗುತ್ತವೆ. ಬೇರೆಯವರನ್ನು ನೋಡಿದರೆ ನಮ್ಮತನ ಹೋಗುತ್ತದೆ ಎಂದು ಹಿರಿಯರು ಭಯಪಡುವುದುಂಟು. ನಾನು ಮಾತಾಡಿಸಿದವರಲ್ಲಿ ಬಹಳಷ್ಟು ಜನ ತಮ್ಮ ಭಾಷೆ, ತಮ್ಮ ಮನೆಯವರ ಬೆಲೆ ಅರಿತದ್ದೇ ದೂರದಲ್ಲಿದ್ದಾಗ.

ಹಳೆಯ ಕಾಲದ ದೊಡ್ಡ ಪ್ರಯಾಣಿಕರನ್ನೇ ನೋಡಿ. ಇಬ್ನ್ ಬತೂತ ಎಂದರೆ ನಮಗೆ ನೆನಪಾಗುವುದು ದೂರ, ದೇಶಗಳ ಪಟ್ಟಿ. 1325ರಲ್ಲಿ, 21ನೇ ವಯಸ್ಸಿನಲ್ಲಿ ಹೊರಟವನು ಸುಮಾರು ಮೂವತ್ತು ವರ್ಷ ಸುತ್ತಿದ. ಆದರೆ ಅವನು ದಿಲ್ಲಿಯಲ್ಲಿ ವರ್ಷಗಟ್ಟಲೆ ನಿಂತು ನ್ಯಾಯಾಧೀಶನಾಗಿದ್ದ. ಮಾಲ್ಡೀವ್ಸ್‌ನಲ್ಲೂ ಅದೇ ಕೆಲಸ ಮಾಡಿದ. ಜನರ ಜಗಳ ಕೇಳಿ ತೀರ್ಪು ಕೊಡುವವನಿಗೆ ಆ ಊರಿನ ಒಳಗು ಎಷ್ಟು ಗೊತ್ತಾಗಿರಬೇಕು! ಚೀನಾದ ಹ್ಯುಯೆನ್ ತ್ಸಾಂಗ್ ಕೂಡ ಹಾಗೇ. ನಳಂದದಲ್ಲಿ ವಿದ್ಯಾರ್ಥಿಯಾಗಿ ಕೂತು ಓದಿದ. 645ರಲ್ಲಿ ತನ್ನ ನಾಡಿಗೆ ಮರಳುವಾಗ 657 ಗ್ರಂಥಗಳನ್ನು ಹೊತ್ತು ತಂದ. ಇವರಿಬ್ಬರೂ ದೂರ ನಡೆದವರು ನಿಜ. ಜೊತೆಗೆ ದಾರಿಯಲ್ಲಿ ಒಂದೊಂದು ಕಡೆ ನಿಂತು ಅಲ್ಲಿನವರ ಕೆಲಸದಲ್ಲಿ, ಓದಿನಲ್ಲಿ ಕೈ ಹಾಕಿದವರು.

‘ಅವರಿಗೆ ವರ್ಷಗಳಿದ್ದವು, ನನಗಿರುವುದು ಹದಿನೈದೇ ದಿನ’ ಎನ್ನುತ್ತೀರಿ. ಸರಿಯಾದ ಮಾತು. ಮೇಲೆ ಹೇಳಿದ ಅಧ್ಯಯನಗಳು ತಿಂಗಳು, ವರ್ಷ ಇದ್ದವರ ಬಗ್ಗೆ. ಹದಿನೈದು ದಿನದಲ್ಲಿ ಅಷ್ಟೇ ಫಲ ಸಿಗುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಅದು ಯಾವುದರಿಂದ ಬರುತ್ತದೆ ಎಂದು ಗೊತ್ತಾದರೆ, ಕಡಿಮೆ ದಿನದಲ್ಲೂ ಅದಕ್ಕೆ ಜಾಗ ಮಾಡಿಕೊಡಬಹುದು.

ಅದು ಬರುವುದು ಬಹುಮಟ್ಟಿಗೆ ಜನರಿಂದ. ಜರ್ಮನಿಯಲ್ಲಿ ಜೂಲಿಯಾ ಝಿಮ್ಮರ್‌ಮನ್ ಮತ್ತು ಫ್ರಾಂಝ್ ನೈಯರ್ 1,134 ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದರು. ಅದರಲ್ಲಿ 527 ಜನ ಓದಲು ಬೇರೆ ದೇಶಕ್ಕೆ ಹೋದವರು, ಉಳಿದವರು ಹೋಗದವರು. 2013ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ, ಹೋದವರಲ್ಲಿ ಹೊಸದಕ್ಕೆ ಮನಸ್ಸು ತೆರೆಯುವ ಗುಣ ಹೆಚ್ಚಾಗಿತ್ತು, ಬೇರೆಯವರ ಜೊತೆ ಹೊಂದಿಕೊಂಡು ಹೋಗುವ ಗುಣ ಹೆಚ್ಚಾಗಿತ್ತು, ಸಣ್ಣದಕ್ಕೆಲ್ಲ ಕಳವಳಪಡುವುದು ಕಡಿಮೆಯಾಗಿತ್ತು. ಈ ಬದಲಾವಣೆಯ ಬಹುಪಾಲು ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿದರೆ, ಅಲ್ಲಿ ಸಿಕ್ಕ ಹೊಸ ಸ್ನೇಹಗಳಿಂದ. ಕಷ್ಟಕ್ಕೆ ಆಗುವ, ನಂಬಬಹುದಾದ ಹೊಸ ಜನ ಬದುಕಿನಲ್ಲಿ ಬಂದದ್ದರಿಂದ. ಬೇರೆ ದೇಶಕ್ಕೆ ಹೋಗಿಯೂ ತಮ್ಮ ಊರಿನವರ ಗುಂಪಿನಲ್ಲೇ ಇದ್ದು ಬಂದವರನ್ನು ನಾನು ನೋಡಿದ್ದೇನೆ. ಮೂರು ವರ್ಷ ಇದ್ದರೂ ಅವರ ಮಾತಿನಲ್ಲಿ ಆ ದೇಶದ ಒಬ್ಬ ಮನುಷ್ಯನ ಹೆಸರೂ ಬರುವುದಿಲ್ಲ. ಅದು ನನಗೆ ಬಹಳ ನೋವು ಕೊಡುತ್ತದೆ.

ಜನರನ್ನು ನೋಡಿದರೆ ಸಾಕಾ? ಸಾಲದು. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಹೇಳಿದ್ದರು. ಬೇರೆ ಬೇರೆ ಗುಂಪಿನವರು ಒಟ್ಟಿಗೆ ಸೇರಿದರೆ ಪೂರ್ವಗ್ರಹ ಕಡಿಮೆಯಾಗಬಹುದು, ಆದರೆ ಸರಿಸಮಾನರಾಗಿ ಸೇರಬೇಕು. ಇಬ್ಬರಿಗೂ ಬೇಕಾದ ಒಂದು ಗುರಿ ಇರಬೇಕು. ಅದಕ್ಕಾಗಿ ಒಟ್ಟಿಗೆ ದುಡಿಯಬೇಕು. ಸುತ್ತಲಿನ ವ್ಯವಸ್ಥೆಯ ಒಪ್ಪಿಗೆಯೂ ಇರಬೇಕು. ಆಮೇಲೆ 2006ರಲ್ಲಿ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಜನ ಜನರ ಒಡನಾಟದಿಂದ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂಬುದು ಗಟ್ಟಿಯಾಗಿಯೇ ಕಂಡಿತು. ಆಲ್‌ಪೋರ್ಟ್ ಹೇಳಿದ ಹಾಗೆ ಒಡನಾಟ ಇದ್ದಲ್ಲಿ ಫಲ ಇನ್ನೂ ಜಾಸ್ತಿ.

ಈಗ ಒಂದು ಸಾಮಾನ್ಯ ಪ್ಯಾಕೇಜ್ ಟೂರ್ ನೆನಪಿಸಿಕೊಳ್ಳಿ. ಪ್ರವಾಸಿಗೆ ಅಲ್ಲಿ ಸಿಗುವ ಆ ದೇಶದವರು ಯಾರು? ಡ್ರೈವರ್, ಗೈಡ್, ಹೋಟೆಲಿನ ಕೆಲಸದವರು, ಅಂಗಡಿಯವರು. ಎಲ್ಲರೂ ಸಂಬಳಕ್ಕೆ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಬೇಕಾದವರು. ಅವರಲ್ಲೂ ಒಳ್ಳೆಯ ಜನ ಇದ್ದಾರೆ, ಆದರೆ ಆ ಸಂಬಂಧ ಸರಿಸಮಾನ ಅಲ್ಲ. ಅವರು ನಗಲೇಬೇಕು, ನೀವು ಕೇಳಿದ್ದಕ್ಕೆ ಹೂಂ ಅನ್ನಲೇಬೇಕು. ಇಂಥ ಕಡೆಯಿಂದ ಬಂದವರು ‘ಆ ದೇಶದವರು ತುಂಬ ನಯ’ ಎಂದೋ ‘ಬರೀ ದುಡ್ಡಿನ ಜನ’ ಎಂದೋ ತೀರ್ಪು ಕೊಟ್ಟಾಗ ನನಗೆ ಅನ್ನಿಸುವುದು, ಇವರು ಆ ದೇಶದವರನ್ನು ಭೇಟಿಯೇ ಆಗಲಿಲ್ಲವಲ್ಲ ಎಂದು. ತಪ್ಪು ಅವರದ್ದಲ್ಲ. ದಿನಕ್ಕೊಂದು ಊರು ಬದಲಾಯಿಸುವವರಿಗೆ ಬೇರೆಯವರು ಸಿಗುವ ದಾರಿಯೇ ಇರುವುದಿಲ್ಲ.

ಸರಿಸಮಾನವಾಗಿ ಸೇರಲು ಏನಾದರೂ ಒಂದು ಕೆಲಸ ಬೇಕು. ನಿಮಗೆ ಮನೆಯಲ್ಲಿ ಏನು ಮಾಡುವುದು ಇಷ್ಟ? ಹಾಡುವುದಾ, ಚೆಸ್ ಆಡುವುದಾ, ಹೊಲಿಗೆಯಾ, ಗಿಡ ಬೆಳೆಸುವುದಾ, ಓಡುವುದಾ? ಜಗತ್ತಿನ ಯಾವ ಮೂಲೆಗೆ ಹೋದರೂ ಅದನ್ನು ಇಷ್ಟಪಡುವವರ ಒಂದು ಪುಟ್ಟ ಗುಂಪು ಇದ್ದೇ ಇರುತ್ತದೆ. ವಾರಕ್ಕೊಮ್ಮೆ ಸೇರುತ್ತಾರೆ. ಹೊರಡುವ ಮೊದಲೇ ಹುಡುಕಿ, ‘ಇಂಥ ದಿನ ಇರುತ್ತೇನೆ, ಬರಬಹುದಾ?’ ಎಂದು ಎರಡು ಸಾಲು ಬರೆಯಿರಿ. ಚೆಸ್ ಬೋರ್ಡಿನ ಎದುರು ಕೂತವರಿಗೆ ನೀವು ಪ್ರವಾಸಿ ಅಲ್ಲ, ಎದುರಾಳಿ. ಒಟ್ಟಿಗೆ ಮಣ್ಣು ಅಗೆಯುವಾಗ ಕೈಗೆ ಕೆಲಸ ಇರುತ್ತದೆ, ಮಾತು ತಾನಾಗಿ ಬರುತ್ತದೆ.

ಇಲ್ಲಿ ನಿಮ್ಮ ಸಂಕೋಚದ ವಿಷಯಕ್ಕೆ ಬರುತ್ತೇನೆ. ಸಂಕೋಚ ಇರುವವರಿಗೆ ಮಾತು ಶುರು ಮಾಡುವುದೇ ಕಷ್ಟ. ಮಾಡಲು ಕೆಲಸವೊಂದಿದ್ದರೆ ಆ ಕಷ್ಟ ಅರ್ಧ ಕರಗುತ್ತದೆ. ಇನ್ನರ್ಧಕ್ಕೆ ಒಂದು ವಿಚಿತ್ರ ಸಹಾಯ ಸಿಗುತ್ತದೆ. ಹೊರಗಿನವರಿಗೆ ಎಲ್ಲ ಕಡೆ ಒಂದು ರಿಯಾಯಿತಿ ಇದೆ. ನಮ್ಮ ಊರಲ್ಲಿ 36 ವರ್ಷದವರು ‘ಇದನ್ನು ಹೇಗೆ ಮಾಡೋದು, ಹೇಳಿಕೊಡ್ತೀರಾ?’ ಎಂದು ಕೇಳಿದರೆ ಜನ ಹುಬ್ಬೇರಿಸಬಹುದು. ಬೇರೆ ಊರಲ್ಲಿ ಅದೇ ಪ್ರಶ್ನೆ ಸಹಜ. ನಿಮಗೆ ಗೊತ್ತಿಲ್ಲ ಎಂಬುದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಹಾಗಾಗಿ ಸಂಕೋಚದವರು ಹೊರಗೆ ಹೋದಾಗ ಮನೆಯಲ್ಲಿದ್ದುದಕ್ಕಿಂತ ಜಾಸ್ತಿ ಮಾತಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಲ್ಲಿನ ಭಾಷೆಯಲ್ಲಿ ನಮಸ್ಕಾರ, ದಯವಿಟ್ಟು, ಧನ್ಯವಾದ, ಕ್ಷಮಿಸಿ, ‘ಇದಕ್ಕೆ ಏನಂತೀರಿ?’ ಇಷ್ಟು ಕಲಿತು ಹೋಗಿ. ಕೊನೆಯದು ತುಂಬ ಮುಖ್ಯ. ಎದುರಿನವರು ಒಂದು ಪದ ಹೇಳಿಕೊಟ್ಟ ಕೂಡಲೇ ಅವರು ನಿಮಗೆ ಗುರು, ನೀವು ಶಿಷ್ಯರು. ಕಲಿಸಿದವರಿಗೆ ಕಲಿತವರ ಮೇಲೆ ಒಂದು ಮಮತೆ ಬರುತ್ತದೆ.

ಹೋದವರೆಲ್ಲ ಮೊದಲ ದಿನದಿಂದ ಖುಷಿಯಾಗಿರುತ್ತಾರೆ ಎಂದುಕೊಳ್ಳಬೇಡಿ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲಿ ‘ಕಲ್ಚರ್ ಶಾಕ್’ ಬಗ್ಗೆ ಬರೆದರು. ಮೊದಲು ಎಲ್ಲ ಚೆಂದ ಕಾಣುತ್ತದೆ. ಆಮೇಲೆ ಸಣ್ಣ ಸಣ್ಣ ವಿಳಂಬಕ್ಕೂ ಸಿಟ್ಟು ಬರುತ್ತದೆ, ಎಲ್ಲರೂ ಮೋಸ ಮಾಡುತ್ತಿದ್ದಾರೆ ಅನ್ನಿಸುತ್ತದೆ, ಕುಡಿಯುವ ನೀರಿನ ಬಗ್ಗೆ ಅತಿಯಾದ ಚಿಂತೆ, ಪದೇ ಪದೇ ಕೈ ತೊಳೆಯುವುದು, ನಮ್ಮವರು ಯಾರಾದರೂ ಸಿಕ್ಕರೆ ಸಾಕಪ್ಪಾ ಎಂಬ ಹಂಬಲ. ನಂತರ ನಿಧಾನವಾಗಿ ಹೊಂದಿಕೆ. ಕಾರಣವನ್ನೂ ಓಬರ್ಗ್ ಹೇಳಿದ್ದರು: ದಿನದ ಬದುಕನ್ನು ನಡೆಸುವ ಸಾವಿರ ಸಣ್ಣ ಗುರುತುಗಳು ಒಮ್ಮೆಗೇ ಕೈತಪ್ಪುತ್ತವೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುವುದಿಲ್ಲ, ಕೆಲವರಿಗೆ ಮೊದಲ ವಾರವೇ ಅತಿ ಕಷ್ಟದ ವಾರ. ನಿಮ್ಮ ಹದಿನೈದು ದಿನದಲ್ಲಿ ಇದರ ಚಿಕ್ಕ ರೂಪ ಬರಬಹುದು, ಮೂರನೇ ದಿನವೋ ನಾಲ್ಕನೇ ದಿನವೋ. ಸುಸ್ತು, ಸಿಡುಕು, ‘ಯಾಕಪ್ಪಾ ಬಂದೆ’ ಎಂಬ ಭಾವ. ಬಂದರೆ ಹೆದರಬೇಡಿ. ಒಂದು ಮಧ್ಯಾಹ್ನ ರೂಮಿನಲ್ಲಿ ಮಲಗಿ, ಮನೆಯವರ ಜೊತೆ ಫೋನಿನಲ್ಲಿ ಮಾತಾಡಿ. ಮರುದಿನ ಅದೇ ಬೀದಿಗೆ ಮತ್ತೆ ಹೋಗಿ. ಎರಡನೇ ಸಲ ಹೋದಾಗ ಬೀದಿ ಪರಿಚಯ ಹೇಳುತ್ತದೆ. ಮೂರನೇ ಸಲ ಯಾರಾದರೂ ಒಬ್ಬರು ತಲೆಯಾಡಿಸುತ್ತಾರೆ. ಊರು ಬದಲಾಯಿಸುತ್ತಲೇ ಇರುವವರಿಗೆ ಈ ಮೂರನೇ ಸಲ ಎಂಬುದೇ ಸಿಗುವುದಿಲ್ಲ.

ಈ ಕಷ್ಟ ದಾಟಿದಾಗ ಸಿಗುವ ಧೈರ್ಯ ತುಂಬ ದಿನ ಬಾಳುತ್ತದೆ. ದಾರಿ ತಪ್ಪಿ, ಭಾಷೆ ಬಾರದೆ, ಕೈಸನ್ನೆಯಲ್ಲಿ ಕೇಳಿಕೊಂಡು ಸರಿಯಾದ ಬಸ್ಸು ಹಿಡಿದು ರೂಮು ಸೇರಿದ ಒಂದು ಸಂಜೆ, ಮುಂದೆ ಆಫೀಸಿನಲ್ಲಿ ಹೊಸ ಜವಾಬ್ದಾರಿ ಬಂದಾಗ ನೆನಪಿಗೆ ಬರುತ್ತದೆ. ‘ಅಲ್ಲೇ ದಾರಿ ಕಂಡುಕೊಂಡೆ, ಇಲ್ಲಿ ಆಗಲ್ವಾ?’ ಎಂದು. ಇದನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನೆನಪಿನ ವಿಷಯವೂ ಹೀಗೇ. ಒಂದೇ ರೀತಿ ಕಳೆದ ಎರಡು ವಾರ ನೆನಪಿನಲ್ಲಿ ಒಂದು ದಿನದಷ್ಟು ಜಾಗವನ್ನೂ ಹಿಡಿಯುವುದಿಲ್ಲ. ಹೊಸ ಅನುಭವ ತುಂಬಿದ ಎರಡು ವಾರ ಹಿಂತಿರುಗಿ ನೋಡಿದರೆ ಒಂದು ತಿಂಗಳಷ್ಟು ಉದ್ದ ಕಾಣುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. 2017ರಲ್ಲಿ ಜ್ಯಾಕ್ಸನ್ ಲು ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಬಹಳ ದೇಶ ಕಂಡವರು ಸಣ್ಣಪುಟ್ಟ ಮೋಸ ಮಾಡುವ ಸಾಧ್ಯತೆ ಜಾಸ್ತಿ ಎಂದು ಕಂಡಿತು. ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿ ಸರಿ ಇಲ್ಲಿ ತಪ್ಪು, ಇಲ್ಲಿ ಸರಿ ಅಲ್ಲಿ ತಪ್ಪು ಎಂದು ನೋಡುತ್ತಾ ಹೋದರೆ, ಸರಿ ತಪ್ಪು ಎಂಬುದೇ ಇಲ್ಲ ಎಂಬ ಭಾವ ಬರಬಹುದು. ಇಲ್ಲೂ ಗಮನಿಸಿ, ಆ ಪರಿಣಾಮ ಕಂಡದ್ದು ದೇಶಗಳ ಸಂಖ್ಯೆಯ ಜೊತೆ. ಒಂದು ಸಮಾಜದ ಒಳಗೆ ಹೋದವರಿಗೆ ಅಲ್ಲಿನ ಜನ ತಮ್ಮ ನಿಯಮಕ್ಕೆ ಎಷ್ಟು ಬೆಲೆ ಕೊಡುತ್ತಾರೆ, ಅದಕ್ಕಾಗಿ ಏನೆಲ್ಲ ಬಿಟ್ಟುಕೊಡುತ್ತಾರೆ ಎಂಬುದು ಕಾಣುತ್ತದೆ. ಮೇಲಿಂದ ಮೇಲೆ ನೋಡಿದವರಿಗೆ ನಿಯಮಗಳ ವ್ಯತ್ಯಾಸ ಮಾತ್ರ ಕಾಣುತ್ತದೆ.

ಹಾಗಾದರೆ ಹದಿನೈದು ದಿನವನ್ನು ಹೇಗೆ ಹಂಚುವುದು? ನಾನಾದರೆ ಹನ್ನೊಂದು ದಿನ ಒಂದೇ ಊರಲ್ಲಿ ಇರುತ್ತೇನೆ. ಅದೂ ದೊಡ್ಡ ಹೆಸರಿನ ಊರಿಗಿಂತ ನಡೆದು ಸುತ್ತಬಹುದಾದ ಊರು. ಉಳಿಯಲು ಜನ ಬದುಕುವ ಬೀದಿಯಲ್ಲಿ ಒಂದು ರೂಮು. ಮೊದಲ ಎರಡು ದಿನ ಏನನ್ನೂ ಇಟ್ಟುಕೊಳ್ಳಬೇಡಿ. ದಿನವೂ ಒಂದೇ ಹೊತ್ತಿಗೆ ಒಂದೇ ಕಡೆ ಹೋಗಿ ಕೂರುವ ಅಭ್ಯಾಸ ಮಾಡಿಕೊಳ್ಳಿ, ಪಾರ್ಕು, ಲೈಬ್ರರಿ, ಯಾವುದಾದರೂ ಸರಿ. ವಾರದ ಗುಂಪಿಗೆ ಒಂದು ಸಲವಾದರೂ ಹೋಗಿ. ಹೋಗಿ ಬರುವ ದಾರಿಗೆ ಎರಡು ದಿನ. ಕೊನೆಯ ಎರಡು ದಿನ ಮನೆಗೆ ಬಂದು ಸುಮ್ಮನೆ ಇರಿ, ಭಾನುವಾರ ರಾತ್ರಿ ಇಳಿದು ಸೋಮವಾರ ಆಫೀಸಿಗೆ ಹೋಗುವ ಲೆಕ್ಕ ಬೇಡ. ನಿರಾಳವಾಗಿ ಮುಗಿದ ರಜೆಯೇ ಸ್ವಲ್ಪ ಹೆಚ್ಚು ಕಾಲ ಉಳಿಯುತ್ತದೆ ಎಂದು ಮೇಲೆ ಹೇಳಿದ್ದೆನಲ್ಲ.

ಒಂಟಿಯಾಗಿಯೋ ಜೊತೆಯವರೊಂದಿಗೋ ಎಂಬುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಇಬ್ಬರು ಹೋದರೆ ತೊಂದರೆ ಇಲ್ಲ, ದಿನಕ್ಕೆ ಎರಡು ಗಂಟೆ ಬೇರೆ ಬೇರೆಯಾಗಿ ಸುತ್ತುವ ಒಪ್ಪಂದ ಮಾಡಿಕೊಳ್ಳಿ. ಹತ್ತು ಜನ ಹೋದರೆ ನಿಮ್ಮ ಮನೆಯನ್ನೇ ಹೊತ್ತುಕೊಂಡು ಹೋದಂತೆ.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ನೋಡಿದ ಜಾಗ ಬರೆಯಬೇಡಿ, ಅದನ್ನು ಫೋಟೊ ನೋಡಿಕೊಳ್ಳುತ್ತದೆ. ನಿಮಗೆ ಸಿಟ್ಟು ಬಂದ, ಮುಜುಗರವಾದ, ವಿಚಿತ್ರ ಅನ್ನಿಸಿದ ಒಂದು ಸಂಗತಿಯನ್ನು ದಿನವೂ ಬರೆಯಿರಿ. ಪಕ್ಕದಲ್ಲಿ, ‘ಇದು ಹೀಗಿರಬಾರದು ಎಂದು ನನಗೆ ಯಾಕೆ ಅನ್ನಿಸಿತು?’ ಎಂದು ಕೇಳಿಕೊಳ್ಳಿ. ಉತ್ತರ ಅಂದೇ ಹೊಳೆಯದಿದ್ದರೆ ಬಿಡಿ. ಸಾಧ್ಯವಾದರೆ ಅಲ್ಲಿನವರೊಬ್ಬರನ್ನು ಕೇಳಿ. ನನ್ನ ಮೌನದ ಕಥೆಗೆ ಉತ್ತರ ಸಿಕ್ಕಿದ್ದು ಹಾಗೆ, ಎರಡು ತಿಂಗಳು ಕಾದ ಮೇಲೆ. ಮೊದಲೇ ಕೇಳಿದ್ದರೆ ಎಷ್ಟು ರಾತ್ರಿಯ ಅಳು ಉಳಿಯುತ್ತಿತ್ತು!

ಬಂದ ಮೇಲೆ ಕೆಲವು ದಿನ ಮನೆಯೇ ಸ್ವಲ್ಪ ಹೊಸದಾಗಿ ಕಾಣಬಹುದು. ತಿಂಗಳುಗಟ್ಟಲೆ ಇದ್ದು ಬಂದವರಲ್ಲಿ ಇದು ಬಲವಾಗಿಯೇ ಬರುತ್ತದೆ. ಮರಳುವಾಗಲೂ ಒಂದು ಕಲ್ಚರ್ ಶಾಕ್ ಇದೆ ಎಂದು ಜಾನ್ ಮತ್ತು ಜೀನ್ ಗಲ್ಲಾಹಾರ್ನ್ 1963ರಲ್ಲೇ ತೋರಿಸಿದ್ದರು. ನಾನು ಬಂದ ಹೊಸದರಲ್ಲಿ ಉತ್ತರ ಕೊಡುವ ಮೊದಲು ಎರಡು ಕ್ಷಣ ನಿಲ್ಲುತ್ತಿದ್ದೆ. ‘ಯಾಕೆ, ಬೇಜಾರಾ?’ ಎಂದು ಮನೆಯವರು ಕೇಳುತ್ತಿದ್ದರು. ಈಗಲೂ ಯಾರಾದರೂ ಕಷ್ಟ ಹೇಳಿಕೊಳ್ಳಲು ಎದುರು ಕೂತರೆ ನಾನು ಆ ಎರಡು ಕ್ಷಣ ಬಿಡುತ್ತೇನೆ. ಬಹಳ ಸಲ ಅವರು ಅದೇ ಮೌನದಲ್ಲಿ ನಿಜವಾಗಿ ಹೇಳಬೇಕಿದ್ದ ಮಾತನ್ನು ಹೇಳುತ್ತಾರೆ.

ಯಾವ ಊರಿಗೆ ಹೋಗಲಿ ಎಂದು ನೀವು ಕೇಳಿಲ್ಲ, ಆದರೂ ಒಂದು ಸಲಹೆ. ಆರು ದೇಶ ಸುತ್ತಿ ಬಂದ ನಿಮ್ಮ ಸಹೋದ್ಯೋಗಿಯನ್ನು ಒಂದು ದಿನ ಬಿಡುವಿನಲ್ಲಿ ಕೂರಿಸಿ ಕೇಳಿ: ‘ಎಲ್ಲಿಂದ ಹೊರಡುವಾಗ ಇನ್ನೂ ನಾಲ್ಕು ದಿನ ಇರಬೇಕಿತ್ತು ಅನ್ನಿಸಿತು?’ ಅವರು ಒಂದು ಊರಿನ ಹೆಸರು ಹೇಳುತ್ತಾರೆ. ಅಲ್ಲಿ ಯಾರೋ ಒಬ್ಬರು ಆಡಿದ ಮಾತು, ಯಾವುದೋ ಸಂಜೆ, ಬಸ್ಸು ಹೊರಡುತ್ತದೆ ಎಂದು ಅರ್ಧಕ್ಕೇ ಬಿಟ್ಟು ಬಂದದ್ದು ನೆನಪಾಗಬಹುದು. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಮ್ಯಾಪ್ ತೆರೆದು ಆ ಊರು ಹುಡುಕಿ.